ಎರಡನೇ ಏಟು

ನನ್ನ ಅಣ್ಣ ಒಬ್ಬ ಮನುಷ್ಯನನ್ನು ಕೊಡಲಿಯಿಂದ ಹೊಡೆದು ಸಾಯಿಸಿದ್ದನ್ನು ನಾನು ಹತ್ತು ಮಾರು ದೂರದಿಂದ ನೋಡಿದೆ. ಆಮೇಲೆ ಕೋರ್ಟಿನಲ್ಲಿ ನಿಂತು ನೋಡಿದ್ದನ್ನು ಹೇಳಿದೆ. ನಾನು ಹೇಳಿದ್ದೇ ದೊಡ್ಡ ತಪ್ಪು ಎನ್ನುವವರು ನನ್ನ ತವರಿನಲ್ಲಿ ಇವತ್ತಿಗೂ ಇದ್ದಾರೆ.

ತವರು ಜಗಳೂರು ತಾಲ್ಲೂಕಿನಲ್ಲಿ, ಸೊಕ್ಕೆಯ ಹತ್ತಿರ. ಮದುವೆಯಾಗಿ ನ್ಯಾಮತಿಗೆ ಬಂದವಳು ಇಲ್ಲಿಯೇ ಆಶಾ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿದ್ದೇನೆ. ಆ ವರ್ಷ ಮೆಕ್ಕೆಜೋಳದ ತೆನೆ ಮುರಿಯಲು ಆಳು ಸಿಗುತ್ತಿಲ್ಲವೆಂದು ಅವ್ವ ಫೋನ್ ಮಾಡಿದ್ದಳು. ನಾಲ್ಕು ದಿನಕ್ಕೆಂದು ಹೋಗಿದ್ದೆ.

ಅಣ್ಣನಿಗೆ ಮಾತಿಗಿಂತ ಮೊದಲು ಕೈ ಏಳುತ್ತಿತ್ತು. ಚಿಕ್ಕಂದಿನಲ್ಲಿ ಅವನು ಬಾರುಕೋಲಿನಿಂದ ಬಾರಿಸಿದ ಗುರುತು ನನ್ನ ಮೊಣಕಾಲಿನ ಹಿಂದೆ ಈಗಲೂ ಇದೆ. ಅತ್ತಿಗೆಯ ಮುಂಗೈಯನ್ನು ಒಮ್ಮೆ ತಿರುಚಿ ಮುರಿದಿದ್ದ. ಅದೇ ಅಣ್ಣ, ನನಗೆ ಹಾವು ಕಚ್ಚಿದ ದಿನ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಟಾರು ರಸ್ತೆಯವರೆಗೆ ಬರಿಗಾಲಿನಲ್ಲಿ ಓಡಿದ್ದ.

ಸತ್ತವನು ಪಕ್ಕದ ಹೊಲದವನು. ಕುರಿ ಸಾಕಿದ್ದ. ಅಣ್ಣನ ಜೊತೆ ಒಂದೇ ಬೆಂಚಿನಲ್ಲಿ ಕೂತು ಏಳನೇ ಕ್ಲಾಸಿನವರೆಗೆ ಓದಿದವನು. ನನ್ನನ್ನು ಕಂಡರೆ "ತಂಗೆವ್ವ, ಯಾವಾಗ ಬಂದೆ?" ಎಂದು ನಿಂತು ಮಾತಾಡಿಸುತ್ತಿದ್ದ.

ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಅವನ ಕುರಿಗಳು ಬದು ದಾಟಿ ನಮ್ಮ ತೆನೆ ರಾಶಿಗೆ ಬಾಯಿ ಹಾಕಿದವು. ಅಣ್ಣ ಬೈಯಲಿಲ್ಲ, ಕೂಗಲಿಲ್ಲ. ಜಾಲಿ ಮರಕ್ಕೆ ಒರಗಿಸಿದ್ದ ಕೊಡಲಿ ತೆಗೆದುಕೊಂಡು ಹೋಗಿ ಒಂದು ಟಗರಿನ ಹಿಂಗಾಲಿಗೆ ಹಾಕಿಬಿಟ್ಟ. ಅದು ಮೂರು ಕಾಲಿನ ಮೇಲೆ ನಿಂತು ನಡುಗತೊಡಗಿತು. ಕುರಿಯವನು ಬದು ಹಾರಿ ಬಂದು ಕೈಯಲ್ಲಿದ್ದ ಕೋಲನ್ನು ಅಣ್ಣನ ಬಲಭುಜಕ್ಕೆ ಬೀಸಿದ. ಕಾಲರ್ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಕೋಲು ಮತ್ತೆ ಮೇಲೆದ್ದಿತು. ಅಣ್ಣ ಕೊಡಲಿಯನ್ನು ಎಡಗೈಗೆ ಬದಲಿಸಿ ಹೊಡೆದ. ಏಟು ತೊಡೆಗೆ ಬಿತ್ತು.

ಕುರಿಯವನು ಅಂಗಾತ ಬಿದ್ದ. ಕೋಲು ಕೈಬಿಟ್ಟು ಸಾಲಿನೊಳಗೆ ಉರುಳಿತು. ಎರಡೂ ಅಂಗೈ ಮುಂದೆ ಹಿಡಿದು, "ಸಾಕು ಬಿಡಲೇ, ಸಾಕು" ಎಂದ. ಅಣ್ಣ ಒಂದು ಹೆಜ್ಜೆ ಮುಂದೆ ಇಟ್ಟ. "ಅಣ್ಣಾ, ಬ್ಯಾಡ" ಎಂದು ನಾನು ಕಿರುಚಿದೆ. ಎರಡನೇ ಏಟು ಕುತ್ತಿಗೆಯ ಬುಡಕ್ಕೆ ಬಿತ್ತು.

ಸೆರಗನ್ನು ಮುದ್ದೆ ಮಾಡಿ ಗಾಯಕ್ಕೆ ಒತ್ತಿ ಹಿಡಿದೆ. ರಕ್ತ ಬೆರಳ ಸಂದಿಯಲ್ಲಿ ಬಿಸಿಯಾಗಿ ಚಿಮ್ಮುತ್ತಿತ್ತು. ಅವನು ನನ್ನ ಮುಖ ನೋಡಿ, "ಕುರಿ ರೋಡಿಗೆ ಹೋಗ್ತಾವೆ ನೋಡು" ಎಂದ. ಕಿರುಚಿದ್ದು ಕೇಳಿ ಓಡಿಬಂದವರ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೊರಟೆವು. ಜಗಳೂರು ಮುಟ್ಟುವ ಮೊದಲೇ ನನ್ನ ತೊಡೆಯ ಮೇಲಿದ್ದ ಅವನ ತಲೆ ಭಾರವಾಯಿತು.

ಮಧ್ಯಾಹ್ನ ಅವನ ಕಡೆಯವರು ನಮ್ಮ ಮನೆಗೆ ನುಗ್ಗಿದರು. ಹೆಂಚು ಪುಡಿ ಮಾಡಿದರು, ಟೀವಿ ಬೀದಿಗೆ ಎಸೆದರು. ಅವ್ವನನ್ನು ಜಡೆ ಹಿಡಿದು ಅಂಗಳಕ್ಕೆ ಎಳೆದು ಬಾಯಿಗೆ ಕಲ್ಲಿನಿಂದ ಹೊಡೆದರು. ಮುಂದಿನ ಮೂರು ಹಲ್ಲು ಹೋದವು.

ಸ್ಟೇಷನ್ನಿನಲ್ಲಿ ಅವ್ವ ಬಾಯಿಗೆ ಬಟ್ಟೆ ಒತ್ತಿಕೊಂಡು, "ನಮಗೂ ಹೊಡದಾರೆ, ಅದಕ್ಕೂ ಇದಕ್ಕೂ ಸರಿಹೋಯ್ತು ಅಂತ ಬಿಡ್ರಿ" ಎಂದಳು. ಸಬ್ ಇನ್‌ಸ್ಪೆಕ್ಟರ್ ತಾಳ್ಮೆಯಿಂದಲೇ ಹೇಳಿದರು: "ಹಂಗೆ ಬಿಡಾಕೆ ಬರಲ್ಲ ಕಣಮ್ಮ. ಅವರು ಮಾಡಿದ್ದು ಒಂದು ಕೇಸು, ನಿನ್ನ ಮಗ ಮಾಡಿದ್ದು ಇನ್ನೊಂದು ಕೇಸು. ಎರಡೂ ಬೇರೆ ಬೇರೆ ನಡೀತಾವೆ."

ಹೊಲದಲ್ಲಿ ಮಹಜರು ಮಾಡಿದರು. ಕೊಡಲಿ, ಕೋಲು, ರಕ್ತದ ಮಣ್ಣು ಎಲ್ಲಕ್ಕೂ ಚೀಟಿ ಹಚ್ಚಿ ಸೀಲು ಮಾಡಿದರು. ನಾಲ್ಕು ದಿನದ ನಂತರ ಜಗಳೂರಿನ ಮ್ಯಾಜಿಸ್ಟ್ರೇಟರ ಮುಂದೆ ನನ್ನ ಹೇಳಿಕೆ ಆಯಿತು. ಅವರು ಪೊಲೀಸರನ್ನೆಲ್ಲ ಹೊರಗೆ ಕಳಿಸಿ, ಯಾರಾದರೂ ಹೆದರಿಸಿದ್ದಾರಾ ಎಂದು ಮೊದಲು ಕೇಳಿದರು. ಇಲ್ಲವೆಂದೆ. ಆಗಿನ್ನೂ ಯಾರೂ ಹೆದರಿಸಿರಲಿಲ್ಲ.

ಅಣ್ಣನ ಪರ ನಿಂತವರು ಚನ್ನಗಿರಿಯ ಹಿರಿಯ ವಕೀಲರು. ಅವ್ವನ ಜೊತೆ ನಾನೂ ಒಮ್ಮೆ ಅವರ ಮನೆಗೆ ಹೋದೆ. "ನಿಮ್ಮಣ್ಣ ಹೊಡೆದಾನೋ ಇಲ್ಲೋ ಅನ್ನೋದು ಇಲ್ಲಿ ಪ್ರಶ್ನೆ ಅಲ್ಲ" ಎಂದರು ಅವರು. "ಜೀವ ಉಳಿಸ್ಕೊಳ್ಳಾಕೆ ತಿರುಗಿ ಹೊಡೆಯೋ ಹಕ್ಕು ಎಲ್ಲರಿಗೂ ಐತೆ. ಎದುರಿಗೆ ಇದ್ದವನು ಕೋಲು ಎತ್ತಿರೋ ತನಕ ಆ ಹಕ್ಕು ಇರುತ್ತೆ. ಅವನು ಬಿದ್ದು, ಕೋಲು ಕೈಬಿಟ್ಟ ಮೇಲೆ ಇರಲ್ಲ. ಗಾಯ ಎರಡು ಅಂತ ಡಾಕ್ಟ್ರು ಹೇಳ್ತಾರೆ. ಅವನು ನಿಂತಿದ್ದಾಗ ಯಾವುದು ಬಿತ್ತು, ಬಿದ್ದಾಗ ಯಾವುದು ಬಿತ್ತು ಅಂತ ಅವರೇನು ನೋಡಿಲ್ಲ. ನೋಡಿದವರು ನೀವೊಬ್ಬರೇ."

"ಹಂಗಾದ್ರೆ ನಾನು ಏನು ಹೇಳ್ಬೇಕ್ರಿ?" ಎಂದೆ.

"ಅದನ್ನ ಕಲಿಸಿಕೊಡೋ ಕೆಲಸ ನನ್ನದಲ್ಲಮ್ಮ" ಎಂದು ಅವರು ಎದ್ದರು.

ಕಲಿಸಲು ಬೇರೆಯವರಿದ್ದರು. ಬಸ್ಸಿನಲ್ಲಿ ಅವ್ವ ನನ್ನ ಕೈ ಹಿಡಿದುಕೊಂಡು, "ಎರಡೂ ಏಟು ನಿಂತಾಗಲೇ ಬಿದ್ವು ಅನ್ನು. ಒಂದು ಮಾತು ಅಷ್ಟೆ" ಎಂದಳು. ಕಂಡಕ್ಟರ್ ಬಂದಾಗ ಕೈ ಬಿಡಿಸಿಕೊಂಡು ಇಬ್ಬರಿಗೂ ಟಿಕೆಟ್ ತೆಗೆಸಿದೆ. ಸಾಕ್ಷಿಯ ಸಮನ್ಸ್ ಬಂದ ವಾರ ಹೊನ್ನಾಳಿಯಿಂದ ಸೋದರಮಾವ ನ್ಯಾಮತಿಗೆ ಬಂದರು. ನಾನು ಹಿತ್ತಿಲಲ್ಲಿ ಒಲೆಗೆ ಕಟ್ಟಿಗೆ ಹಾಕುತ್ತಿದ್ದೆ.

"ಏನು ಹೇಳ್ತಿ ಕೋರ್ಟಿನಾಗೆ?"

"ನೋಡಿದ್ದು ಹೇಳ್ತೀನಿ ಮಾವ."

ಕಪಾಳಕ್ಕೆ ಹೊಡೆದರು. ಎಡಗಿವಿಯಲ್ಲಿ ಗುಂಯ್ ಎಂದಿತು. ಕೂದಲಿಗೆ ಕೈ ಹಾಕಿ ತಲೆಯನ್ನು ಗೋಡೆಗೆ ಬಡಿದರು. ನನ್ನ ಕೈಗೆ ಕಟ್ಟಿಗೆಯ ತುಂಡು ಸಿಕ್ಕಿತು. ಅದರಿಂದ ಅವರ ಮಣಿಕಟ್ಟಿಗೆ ಹೊಡೆದೆ. ಕೂದಲು ಬಿಟ್ಟು, ಕೈ ಹಿಡಿದುಕೊಂಡು ಕುಕ್ಕರುಗಾಲಿನಲ್ಲಿ ಕೂತರು. ಇನ್ನು ನನಗೆ ಅವರಿಂದ ಏನೂ ಆಗುವಂತಿರಲಿಲ್ಲ. ಆದರೂ ನನ್ನ ಕೈ ಮತ್ತೆ ಮೇಲೆದ್ದಿತ್ತು, ಅವರ ನೆತ್ತಿಯ ನೇರಕ್ಕೆ. ಒಳಗಿನಿಂದ ಓಡಿ ಬಂದ ನನ್ನ ಗಂಡ ರಟ್ಟೆ ಹಿಡಿದುಕೊಂಡರು. ಅವರು ಹಿಡಿಯದಿದ್ದರೆ ನಾನು ಹೊಡೆಯುತ್ತಿದ್ದೆ. ಈ ಮಾತನ್ನು ಗಂಡನಿಗೂ ಇದುವರೆಗೆ ಹೇಳಿಲ್ಲ.

ಅವತ್ತಿಂದ ಅಣ್ಣನ ಮೇಲಿನ ಸಿಟ್ಟು ನನ್ನಲ್ಲಿ ಮೊದಲಿನ ಹಾಗೆ ಉಳಿಯಲಿಲ್ಲ. ಆದರೆ ಹೇಳಬೇಕಾದದ್ದು ಬದಲಾಗಲಿಲ್ಲ.

ಜಿಲ್ಲಾ ಕೋರ್ಟಿನಲ್ಲಿ ಪ್ರಮಾಣ ಮಾಡಿ ಕಟಕಟೆಯಲ್ಲಿ ನಿಂತಾಗ ಅಣ್ಣ ಎದುರಿಗೇ ಇದ್ದ. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಎರಡನೇ ಏಟಿನ ಹೊತ್ತಿಗೆ ಕುರಿಯವನು ಹೇಗಿದ್ದ ಎಂದರು. ಅಂಗಾತ ಬಿದ್ದಿದ್ದ, ಕೈಯಲ್ಲಿ ಏನೂ ಇರಲಿಲ್ಲ ಎಂದೆ. ನ್ಯಾಯಾಧೀಶರು ಅದನ್ನು ನಿಧಾನವಾಗಿ ಟೈಪಿಸ್ಟ್‌ಗೆ ಹೇಳಿ ಬರೆಸಿದರು. ಅಣ್ಣ ತಲೆ ತಗ್ಗಿಸಿದ.

ಆಮೇಲೆ ಚನ್ನಗಿರಿಯ ವಕೀಲರು ಪಾಟೀಸವಾಲಿಗೆ ಎದ್ದರು. ಮನೆಯಲ್ಲಿ ನೋಡಿದ ಮುಖವೇ ಅದಾಗಿರಲಿಲ್ಲ.

"ನಿಮ್ಮಣ್ಣ ನಿಮ್ಮನ್ನ ಚಿಕ್ಕಂದಿನಿಂದ ಹೊಡೀತಿದ್ದ, ಅಲ್ವಾ?"

"ಹೌದ್ರಿ."

"ಆ ಸಿಟ್ಟು ಇನ್ನೂ ಐತೆ."

"ಐತ್ರಿ."

"ಅದಕ್ಕೇ ಸುಳ್ಳು ಸಾಕ್ಷಿ ಹೇಳ್ತಿದೀರಿ."

"ಸಿಟ್ಟು ಇರೋದು ನಿಜ. ಹೇಳಿದ್ದು ಸುಳ್ಳಲ್ರಿ."

ಅವರು ಸ್ವಲ್ಪ ಹೊತ್ತು ಕಾಗದ ತಿರುವಿ, ಮನುಷ್ಯನ ಮೇಲೆ ಮೊದಲು ಕೈ ಮಾಡಿದವರು ಯಾರು ಎಂದು ಕೇಳಿದರು. ಕುರಿಯವನು ಎಂದೆ. ಅಣ್ಣನ ಮೂಳೆ ಮುರಿದದ್ದನ್ನು, ಕೋಲು ಮತ್ತೆ ಎದ್ದದ್ದನ್ನು ಹೇಳಿದೆ. ಅದೂ ಟೈಪಾಯಿತು. ಹೊರಗೆ ಬಂದಾಗ ಕುರಿಯವನ ಹೆಂಡತಿ ನನ್ನ ಮುಖಕ್ಕೆ ಉಗಿದಳು. "ನನ್ನ ಗಂಡನ್ನ ತೊಡೆ ಮ್ಯಾಲೆ ಹಾಕ್ಕೊಂಡು ಹೋದಾಕಿ, ಇವತ್ತು ಅವನದೇ ತಪ್ಪು ಅಂದ್ಯಲ್ಲ" ಎಂದಳು. ಇನ್ನೊಂದು ಬದಿಯಲ್ಲಿ ನಿಂತಿದ್ದ ಅವ್ವ ನನ್ನತ್ತ ತಿರುಗಿಯೂ ನೋಡಲಿಲ್ಲ. ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಸ್ ಹತ್ತಿದೆ.

ತೀರ್ಪಿನ ದಿನ ಅತ್ತಿಗೆ ಫೋನ್ ಮಾಡಿದಳು. ಇದು ಹೊಂಚು ಹಾಕಿ ಮಾಡಿದ್ದಲ್ಲ. ಮೊದಲ ಏಟು ತನ್ನನ್ನು ಕಾಪಾಡಿಕೊಳ್ಳಲು, ಎರಡನೆಯದು ಆ ಹಕ್ಕಿನ ಮಿತಿ ಮೀರಿದ್ದು. ಹಾಗಾಗಿ ಕೊಲೆಯಲ್ಲ, ಕೊಲೆಗಿಂತ ಕಡಿಮೆ ದರ್ಜೆಯ ನರಹತ್ಯೆ ಎಂದು ಕೋರ್ಟ್ ಹೇಳಿತ್ತು. ಏಳು ವರ್ಷ. ನಾನು ಸರ್ಕಾರಿ ವಕೀಲರಿಗೆ ಹೇಳಿದ್ದನ್ನಷ್ಟೇ ಬರೆದುಕೊಂಡಿದ್ದರೆ ಜೀವಾವಧಿ ಆಗುತ್ತಿತ್ತೇನೋ. ಪಾಟೀಸವಾಲಿನಲ್ಲಿ ಹೇಳಿದ್ದನ್ನಷ್ಟೇ ಬರೆದುಕೊಂಡಿದ್ದರೆ ಬಿಡುಗಡೆ. ನಮ್ಮ ಮನೆ ಒಡೆದ ಕೇಸಿನಲ್ಲಿ ಸಾಕ್ಷಿಗಳೆಲ್ಲ ತಿರುಗಿಬಿದ್ದರು. ಅವ್ವನ ಹಲ್ಲು ಮುರಿದವರು ಯಾರೆಂದು ಊರಿಗೆಲ್ಲ ಗೊತ್ತು, ಕೋರ್ಟಿನಲ್ಲಿ ಮಾತ್ರ ಗೊತ್ತಾಗಲಿಲ್ಲ.

ಮೊದಲ ಸಲ ಜೈಲಿಗೆ ಹೋದಾಗ ಅಣ್ಣ ಭೇಟಿಗೆ ಬರಲಿಲ್ಲ. ಎರಡನೇ ಸಲ ಬಂದ. ಮೂಳೆ ಸರಿಯಾಗಿ ಕೂಡದೆ ಒಂದು ಭುಜ ಇಳಿದಿತ್ತು. ಜಾಲರಿಯ ಆಚೆ ನಿಂತು, "ಅವ್ವಗೆ ಒಬ್ಬಳಿಗೇ ಇಲ್ಲಿಗೆ ಬರಾಕೆ ಗೊತ್ತಾಗಲ್ಲ. ನೀನೇ ಕರ್ಕೊಂಡು ಬಾ" ಎಂದ.

ತವರಿಗೆ ಹೋಗಿ ಬಾಗಿಲಲ್ಲಿ ನಿಂತು, ಅಣ್ಣ ಕರೆದಿದ್ದಾನೆ ಎಂದೆ. ಅವ್ವ ಸೀರೆ ಬದಲಿಸಿಕೊಂಡು ಬಂದಳು. ಬಸ್ಸಿನಲ್ಲಿ ನನ್ನಿಂದ ಮೂರು ಸೀಟು ಮುಂದೆ ಕೂತಳು. ಜೈಲಿನ ಗೇಟಿನ ಮುಂದೆ ಎರಡು ಸಾಲುಗಳಿದ್ದವು. ಅವಳು ಪ್ಲಾಸ್ಟಿಕ್ ಕವರಿನಿಂದ ಆಧಾರ್ ಕಾರ್ಡ್ ತೆಗೆದು ಸ್ವಲ್ಪ ಹೊತ್ತು ಅತ್ತಿತ್ತ ನೋಡಿದಳು. ಆಮೇಲೆ ನನ್ನ ಕೈಗೆ ಕೊಟ್ಟು, "ಯಾವ ಸಾಲಿನಾಗೆ ನಿಲ್ಬೇಕು?" ಎಂದು ಕೇಳಿದಳು.