ಮೊಟ್ಟೆ ಬುಟ್ಟಿಯ ಮುಂದೆ ಬೀಡಿ

ನಮ್ಮೂರಿನ ಬಸ್ ಸ್ಟಾಪಿನಲ್ಲಿ ಊರೇ ಇರಲಿಲ್ಲ. ಚಿಕ್ಕಬಳ್ಳಾಪುರದಿಂದ ಹೊರಟ ಬಸ್ಸು ಪೆರೇಸಂದ್ರ ದಾಟಿ ಸ್ವಲ್ಪ ದೂರ ಹೋದ ಮೇಲೆ ಒಂದು ಹುಣಸೆಮರದ ಕೆಳಗೆ ನಿಲ್ಲುತ್ತಿತ್ತು. ಪಕ್ಕದಲ್ಲಿ ಕಲ್ಲುಕಟ್ಟೆಯ ಬಾವಿ, ರಸ್ತೆಯಾಚೆ ಒತ್ತಾದ ಹೊಂಗೆ ತೋಪು, ಅಷ್ಟೇ. ಊರು ಸೇರಲು ಅಲ್ಲಿಂದ ಎರಡು ಮೈಲಿ ಮಣ್ಣುದಾರಿ. ಬೆಳಿಗ್ಗೆ, ಸಂಜೆಯಾದರೆ ಹೊಲಕ್ಕೆ ಹೋಗಿಬರುವ ಜನ ಇರುತ್ತಿದ್ದರು. ಮಧ್ಯಾಹ್ನದ ಬಸ್ಸಿನಿಂದ ಇಳಿದರೆ ಏನಮ್ಮಾ ಎನ್ನಲು ಒಂದು ನರಪಿಳ್ಳೆಯೂ ಇಲ್ಲ.

ಐವತ್ತರ ದಶಕದ ಕೊನೆಯ ಮಾತು. ಊರಿನಿಂದ ಪೇಟೆಯ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಅಪ್ಪನಿಗೆ ನಾನು ಓದಬೇಕೆಂಬ ಆಸೆ. ಆದರೆ ಮನೆ ನಡೆಯುತ್ತಿದ್ದುದು ಅಪ್ಪನ ಅಮ್ಮನ ಮಾತಿನ ಮೇಲೆ. ಅಜ್ಜಿ ಒಪ್ಪಿದ್ದು ಒಂದೇ ಷರತ್ತಿಗೆ: "ದಾರೀಲಿ ಒಂದೇ ಒಂದು ಸಲ ಏನಾದ್ರೂ ಹೆಚ್ಚುಕಮ್ಮಿ ಆಗ್ಲಿ, ಅವತ್ತಿಗೆ ಸ್ಕೂಲು ಬಂದ್. ಆಮೇಲೆ ಅತ್ತು ಕರೆದು ಮಾಡಿದ್ರೆ ಕೇಳೋಳಲ್ಲ ನಾನು." ಅಜ್ಜಿ ಆಡಿದ ಮಾತು ಆಡಿದ್ದೇ. ದೇವರು ಬಂದು ಹೇಳಿದರೂ ಬದಲಾಗುತ್ತಿರಲಿಲ್ಲ.

ಶನಿವಾರ ಅರ್ಧ ದಿನದ ಸ್ಕೂಲು, ಮಧ್ಯಾಹ್ನದ ಬಸ್ಸು. ಆ ಒಂದು ದಿನ ಅಪ್ಪ ತಪ್ಪದೆ ಹುಣಸೆಮರದ ಕೆಳಗೆ ಕಾದಿರುತ್ತಿದ್ದರು. ರೇಷ್ಮೆ ಹುಳದ ಹೊಸ ಬೆಳೆ ಹಿಡಿಯುವಾಗ, ಪೇಟೆಯಿಂದ ಮೊಟ್ಟೆ ಹಾಳೆ ತರುವ ಕೆಲಸವೂ ನನ್ನದೇ. ಸಾಸಿವೆಗಿಂತ ಸಣ್ಣ ಮೊಟ್ಟೆಗಳು ಅಂಟಿದ ಆ ಹಾಳೆಗಳನ್ನು ಬಿದಿರು ಬುಟ್ಟಿಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದೆ. ಮೊಟ್ಟೆ ಮನೆಗೆ ಬಂತೆಂದರೆ ನಮ್ಮಲ್ಲಿ ಕಾನೂನು ಶುರು. ತಂಬಾಕಿನ ಗಾಳಿ ಸೋಕಿದರೂ ಹುಳ ಸಾಯುತ್ತದೆ. ನೆಂಟರೇ ಬರಲಿ, ಊರಿನ ಪಟೇಲರೇ ಬರಲಿ, ಬೀಡಿ ಕಟ್ಟು ಹೊರಗಿನ ಕಲ್ಲಿನ ಮೇಲಿಟ್ಟು, ಕೈ ತೊಳೆದು, ಬಾಯಿ ಮುಕ್ಕಳಿಸಿ ಒಳಗೆ ಬರಬೇಕು. ಅಜ್ಜಿಗೆ ಎಲೆಯಡಿಕೆಯ ಜೊತೆ ಹೊಗೆಸೊಪ್ಪಿಲ್ಲದೆ ಗಳಿಗೆ ಕಳೆಯುತ್ತಿರಲಿಲ್ಲ. ಅಂಥವಳೂ ಮೊಟ್ಟೆ ಬರುವ ಹಿಂದಿನ ದಿನದಿಂದ ಗೂಡು ಬಿಡಿಸುವವರೆಗೆ ಒಂದು ಎಸಳು ಮುಟ್ಟುತ್ತಿರಲಿಲ್ಲ. ಆ ದಿನಗಳಲ್ಲಿ ಅವಳ ಕೋಪವೋ, ಅಬ್ಬಬ್ಬಾ! ನಾವೆಲ್ಲ ಗೋಡೆಗೆ ಅಂಟಿಕೊಂಡೇ ಓಡಾಡುತ್ತಿದ್ದೆವು.

ಆ ಶನಿವಾರ ನಾನು ಬುಟ್ಟಿ ಹಿಡಿದು ಇಳಿದಾಗ ಹುಣಸೆಮರದ ಕೆಳಗೆ ಅಪ್ಪ ಇರಲಿಲ್ಲ. ಬಸ್ಸು ಧೂಳೆಬ್ಬಿಸಿ ಹೋಯಿತು. ಬಾವಿಕಟ್ಟೆಯ ಮೇಲೆ ಕೂತಿದ್ದವನೊಬ್ಬ ಎದ್ದು ಬಂದ. ಹಸಿರು ಟವೆಲ್ಲು, ಎಣ್ಣೆ ಹಚ್ಚಿ ಬಾಚಿದ ತಲೆ, ಸಂಭಾವಿತ ಮುಖ.

"ನಿಮ್ಮಪ್ಪ ಕಳ್ಸಿದ್ರು ಕಣಮ್ಮಾ. ಪಾಪ, ಕಾಲ ಮೇಲೆ ಗುದ್ದಲಿ ಹಾಕ್ಕೊಂಡ್ಬಿಟ್ಟವ್ರೆ, ನಡೆಯಕ್ಕಾಗ್ತಿಲ್ಲ. ಗಾಡಿ ತೋಪಿನ ಹಿಂದೆ ನಿಲ್ಸಿದೀನಿ. ಬಾ, ಹೋಗಣ."

ಅವನು ಅಪ್ಪನ ಹೆಸರು ಹೇಳಿದ, ನಮ್ಮ ಮನೆಯ ಮುಂದಿನ ಬೇವಿನ ಮರವನ್ನೂ ಹೇಳಿದ. ಟೀ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಯಾರ ಮನೆಯ ಸಮಾಚಾರವೂ ಸಿಗುತ್ತದೆಂದು ಹದಿಮೂರು ವರ್ಷದವಳಿಗೆ ಹೇಗೆ ಗೊತ್ತಾಗಬೇಕು? ಅಪ್ಪನ ಕಾಲಿನಿಂದ ರಕ್ತ ಸುರಿಯುವುದೇ ಕಣ್ಣಿಗೆ ಕಟ್ಟಿ, ಅವನ ಹಿಂದೆ ಹೊರಟೆ. ನನ್ನ ಕಿವಿಯಲ್ಲಿ ಚಿನ್ನದ ಓಲೆ ಇತ್ತು. ಎರಡು ಸಲ ಅವನ ಕಣ್ಣು ಅಲ್ಲಿಗೆ ಹೋಗಿ ಬಂತು. ನೋಡಿದೆ, ಆದರೂ ನಡೆದೆ. ಆ ಪೆದ್ದುತನ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ರೇಗುತ್ತದೆ.

"ಮೊಟ್ಟೆ ಬುಟ್ಟಿ ಇತ್ಲಾಗೆ ಕೊಡಮ್ಮ, ನಾನೂ ಮೂವತ್ತು ವರ್ಷದಿಂದ ಹುಳ ಮೇಯಿಸ್ತಿರೋನೇ," ಎಂದ. ನಾನು ಕೊಡಲಿಲ್ಲ. ಅವನು ಆಗಲಿ ಎಂದು ತಲೆಯಾಡಿಸಿ, ಜೇಬಿಗೆ ಕೈಹಾಕಿ ಒಂದು ಬೀಡಿ ತೆಗೆದು, ಕಡ್ಡಿ ಗೀರಿ ಹಚ್ಚಿ, ಬುಟ್ಟಿಯ ಮೇಲೆಯೇ ಹೊಗೆ ಬಿಟ್ಟ.

"ಅಯ್ಯೋ, ಬೀಡಿ ಆರ್ಸಿ! ಮೊಟ್ಟೆ ಇದೆ!" ಎಂದೆ.

"ಮೊಟ್ಟೆಗೇನಮ್ಮ ಹೊಗೆ? ಬೆಚ್ಚಗಿರ್ತವೆ ಬಿಡು," ಎಂದು ನಕ್ಕ.

ಅಲ್ಲಿಗೆ ನನ್ನ ಕಾಲು ನಿಂತಿತು. ಮೂವತ್ತು ವರ್ಷ ಹುಳ ಮೇಯಿಸಿದವನು ಮೊಟ್ಟೆಯ ಮುಂದೆ ಬೀಡಿ ಹಚ್ಚುವುದುಂಟೇ? ಕಾಲು ಮುರಿದು ಬಿದ್ದಿದ್ದರೂ ನಮ್ಮಪ್ಪ ಬೀಡಿ ಸೇದುವವನ ಕೈಯಿಂದ ಮೊಟ್ಟೆ ತರಿಸುವವರಲ್ಲ. ಹಾಗಾದರೆ ಇವನನ್ನು ಅಪ್ಪ ಕಳಿಸಿಲ್ಲ. ಅಪ್ಪನ ಕಾಲಿಗೂ ಏನೂ ಆಗಿಲ್ಲ! ನಂಬುತ್ತೀರೋ ಇಲ್ಲವೋ, ಮೊದಲು ನನಗಾದದ್ದು ಸಂತೋಷ. ಭಯ ಆಮೇಲೆ ಬಂತು.

ತೋಪು ಇನ್ನು ಇಪ್ಪತ್ತು ಹೆಜ್ಜೆ ಇತ್ತು. ತಿರುಗಿ ಓಡಿ, ರಸ್ತೆಯ ನಟ್ಟನಡುವೆ ಹೋಗಿ ನಿಂತೆ. "ಎಲ್ಲಿಗಮ್ಮಾ, ಅಪ್ಪ ಕಾಯ್ತಾವ್ರೆ" ಎನ್ನುತ್ತಾ ಅವನೂ ಬಂದ. ಈಗ ದನಿಯಲ್ಲಿ ಬೆಲ್ಲ ಇರಲಿಲ್ಲ. ಬಾಗೇಪಲ್ಲಿ ಕಡೆಯಿಂದ ಹುಣಸೆಹಣ್ಣಿನ ಮೂಟೆ ಹೇರಿದ ನಾಲ್ಕು ಗಾಡಿ ಬರುತ್ತಿದ್ದವು. ಅವರೂ ಗುರುತಿಲ್ಲದವರೇ. ಆದರೆ ಮೂರನೇ ಗಾಡಿಯ ಮೂಟೆಗಳ ಮೇಲೆ ಒಬ್ಬ ಹೆಂಗಸು ಮಗುವಿಗೆ ಹಾಲು ಕುಡಿಸುತ್ತಾ ಕೂತಿದ್ದಳು. ನೇರ ಅವಳ ಕಡೆಗೇ ಹೋದೆ.

"ಅತ್ತಾ! ಅತ್ತಾ!" ಎಂದು ತೆಲುಗಿನಲ್ಲಿ, ಹುಟ್ಟಿದಾಗಿನಿಂದ ಕಂಡ ಸೋದರತ್ತೆಯನ್ನು ಕರೆಯುವ ಹಾಗೆ ಕೂಗಿದೆ.

"ಏಮಿಟಮ್ಮಾ, ಏಮೈಂದಿ?" ಏನಾಯಿತೆಂದು ಅವಳೂ ತೆಲುಗಿನಲ್ಲೇ ಕೇಳಿ, ನನ್ನ ಮುಖ ನೋಡಿ, ನನ್ನ ಹಿಂದೆ ಬರುತ್ತಿದ್ದವನನ್ನೂ ನೋಡಿದಳು. ಅವಳಿಗೆ ಇನ್ನೇನೂ ಹೇಳಬೇಕಾಗಲಿಲ್ಲ. ಗಾಡಿ ನಿಲ್ಲಿಸಿ ನನ್ನನ್ನು ಮೇಲಕ್ಕೆ ಎಳೆದುಕೊಂಡಳು. ಗಂಡಸರು ಚಾಟಿ ಹಿಡಿದು ಇಳಿಯುವಷ್ಟರಲ್ಲಿ ಹಸಿರು ಟವೆಲ್ಲು ತೋಪಿನೊಳಗೆ ಮಾಯ. ಆಮೇಲೆ ಅಪ್ಪ ಏದುಸಿರು ಬಿಡುತ್ತಾ ಓಡಿ ಬಂದರು. ದಾರಿಯಲ್ಲಿ ಗಾಡಿಯ ಕಡಾಣಿ ಕಳಚಿ ಚಕ್ರ ಬಿದ್ದಿತ್ತಂತೆ. ಅವರ ಎರಡೂ ಕಾಲು ನೆಟ್ಟಗಿದ್ದವು. ನೋಡಿ ಗೊಳೋ ಎಂದು ಅತ್ತುಬಿಟ್ಟೆ.

ಮನೆ ಹತ್ತಿರ ಬಂದಾಗ ಅಪ್ಪ ತಗ್ಗಿದ ದನಿಯಲ್ಲಿ, "ಅಜ್ಜಿಗೆ ಹೇಳ್ಬೇಡ ಕಣಮ್ಮ. ನಿನ್ನ ಓದು ನಿಂತೋಗುತ್ತೆ," ಎಂದರು. ಹೂಂ ಎಂದೆ.

ಹೇಳುವುದಿಲ್ಲವೆಂದೇ ಇದ್ದೆ. ಆದರೆ ಸಂಜೆ ಪಕ್ಕದ ಮನೆಯಾಕೆ ಜಗಲಿಗೆ ಬಂದು ಕೂತರು. ಆಕೆಯ ಮಗಳನ್ನು ಆ ವರ್ಷವೇ ಗೌರಿಬಿದನೂರಿಗೆ ಮದುವೆ ಮಾಡಿ ಕೊಟ್ಟಿದ್ದರು. "ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರ್ತಾಳಂತೆ. ಅಳಿಯಂದ್ರಿಗೆ ರಜ ಇಲ್ಲ, ಒಬ್ಳೇ ಬರ್ತಾಳೆ," ಎಂದರು. ಮೈತುಂಬ ಹೊಸ ಒಡವೆ ಹಾಕಿಕೊಂಡ ಮದುವಣಗಿತ್ತಿ, ಒಬ್ಬಳೇ, ಆ ಹುಣಸೆಮರದ ಕೆಳಗೆ! ನನ್ನ ಬಾಯಿ ಕೇಳಲಿಲ್ಲ. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡರು.

ಅಜ್ಜಿ ಬುಟ್ಟಿಯ ಬಟ್ಟೆ ತೆಗೆದು ಮೂಸಿ ನೋಡಿದಳು. "ಹೊಗೆ ಎಷ್ಟೊತ್ತು ತಾಗ್ತು?" ಎಂದಳು. "ಒಂದೇ ಸಲ," ಎಂದೆ. ಬಟ್ಟೆ ಮತ್ತೆ ಮುಚ್ಚಿ ಬುಟ್ಟಿಯನ್ನು ಒಳಗೆ ಒಯ್ದಳು. ಭಾನುವಾರ ರಾತ್ರಿ ನಾನು ಚೀಲ ಜೋಡಿಸುವಾಗ, "ನಾಳೆ ಸ್ಕೂಲಿಲ್ಲ," ಎಂದು ಚೀಲ ಕಿತ್ತು ಗೂಟಕ್ಕೆ ನೇತುಹಾಕಿದಳು. ಹೊದ್ದುಕೊಂಡು ಅತ್ತೆ. ನಿಜ ಹೇಳಿದ್ದಕ್ಕೆ ಇದೇನಾ ಬಹುಮಾನ ಎಂದು ಹಲ್ಲು ಕಚ್ಚಿದೆ.

ಸೋಮವಾರ ಮಧ್ಯಾಹ್ನ ಅಜ್ಜಿ ನನ್ನನ್ನು ಎಬ್ಬಿಸಿಕೊಂಡು ಹೊರಟಳು. ಜೊತೆಗೆ ಪಕ್ಕದ ಮನೆಯಾಕೆ, ಇನ್ನೂ ನಾಲ್ವರು ಹೆಂಗಸರು. ಎಲ್ಲರ ಸೊಂಟದಲ್ಲೂ ಕುಡುಗೋಲು, ತಲೆಯ ಮೇಲೆ ಬಿತ್ತನೆಗೆ ಬಿಡಿಸಬೇಕಾದ ಕಡಲೆಕಾಯಿ. ರಸ್ತೆಗೆ ಕಾಣದಂತೆ ಬಾವಿಕಟ್ಟೆಯ ಹಿಂದೆ ಸಾಲಾಗಿ ಕೂತರು.

"ಕಾಯಿ ಬಿಡ್ಸೋದೆಲ್ಲಾದ್ರೇನು? ಇಲ್ಲೇ ಬಿಡ್ಸಣ. ನೀನು ಮಾತ್ರ ರಸ್ತೆ ನೋಡ್ತಿರು. ಆ ಮುಖ ನೋಡಿರೋಳು ನೀನೊಬ್ಳೇ ಕಣೇ," ಎಂದಳು ಅಜ್ಜಿ.

"ನನ್ನ ಸ್ಕೂಲು?"

"ಬಾಯ್ಮುಚ್ಚಿ ನೋಡು ಅಂದೆ."

ಸೋಮವಾರ ಯಾರೂ ಬರಲಿಲ್ಲ. ಮಂಗಳವಾರ, ಬುಧವಾರವೂ ಇಲ್ಲ. ಹೊಗೆಸೊಪ್ಪಿಲ್ಲದ ಅಜ್ಜಿ ಕಡಲೆಕಾಯಿಯನ್ನು ಶತ್ರುವಿನ ತಲೆಯೆಂಬಂತೆ ಒಡೆಯುತ್ತಿದ್ದಳು. ಗುರುವಾರ ಬಸ್ಸು ನಿಂತಿತು. ಮದುವಣಗಿತ್ತಿ ಟ್ರಂಕು ಹಿಡಿದು ಇಳಿದಳು. ಬಸ್ಸು ಹೋಯಿತು. ಆಕೆಯ ತಾಯಿ ಏಳಹೋದರೆ ಅಜ್ಜಿ ಸೆರಗು ಹಿಡಿದು ಕೂರಿಸಿದಳು. ತೋಪಿನಿಂದ ಹಸಿರು ಟವೆಲ್ಲು ಹೊರಗೆ ಬಂತು.

"ನಿಮ್ಮಪ್ಪ ಕಳ್ಸಿದ್ರು ಕಣಮ್ಮಾ. ಪಾಪ, ಕಾಲ ಮೇಲೆ ಗುದ್ದಲಿ ಹಾಕ್ಕೊಂಡ್ಬಿಟ್ಟವ್ರೆ..."

ಅದೇ ಕಾಲು, ಅದೇ ಗುದ್ದಲಿ! ಆ ಮನುಷ್ಯನ ಹತ್ತಿರ ಇನ್ನೊಂದು ಸುಳ್ಳಿಗೂ ಗತಿ ಇರಲಿಲ್ಲ.

"ಅಜ್ಜೀ, ಇವ್ನೇ!" ಎಂದು ಬಾವಿಯೇ ಮಾರ್ದನಿ ಕೊಡುವಂತೆ ಕಿರುಚಿದೆ.

ಆರು ಹೆಂಗಸರು ಒಟ್ಟಿಗೆ ಎದ್ದರು. ಅವನು ಓಡಲು ತಿರುಗಿದರೆ ಅಲ್ಲೊಬ್ಬಳು, ಇತ್ತ ತಿರುಗಿದರೆ ಇಲ್ಲೊಬ್ಬಳು, ಎಲ್ಲರ ಕೈಯಲ್ಲೂ ಕುಡುಗೋಲು. ಅಜ್ಜಿ ಅವನ ಮುಂದೆ ಹೋಗಿ ನಿಂತಳು. ಅವನ ಎದೆಯೆತ್ತರಕ್ಕೂ ಬರುತ್ತಿರಲಿಲ್ಲ.

"ಯಾರ ಕಾಲ ಮೇಲಪ್ಪಾ ಗುದ್ದಲಿ ಬಿದ್ದಿರೋದು? ಎಲ್ಲಿ ನಿನ್ನ ಗಾಡಿ? ನಡಿ, ತೋರ್ಸು."

ತೋಪಿನ ಹಿಂದೆ ಗಾಡಿಯಿಲ್ಲ, ಎತ್ತಿಲ್ಲ, ಸಗಣಿ ಕೂಡ ಇಲ್ಲ. ಚಿಕ್ಕಬಳ್ಳಾಪುರಕ್ಕೆ ವಾಪಸು ಹೋಗುವ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಅಜ್ಜಿ ಅವನ ಜೇಬಿನ ಬೀಡಿ ಕಟ್ಟು ಕಿತ್ತು ಬಾವಿಗೆಸೆದಳು. ಬಾವಿಕಟ್ಟೆಗೆ ಒರಗಿಸಿ ಕೂರಿಸಿ, ಮುಂದೆ ಒಂದು ಮೊರ ಕಡಲೆಕಾಯಿ ಸುರಿದಳು.

"ಸುಮ್ನೆ ಕೂತ್ರೆ ಕೈಗೆ ಬೇರೆ ಬುದ್ಧಿ ಬರುತ್ತೆ. ಬಿಡ್ಸು. ಒಂದು ಬೀಜ ಬಾಯಿಗೆ ಹೋದ್ರೆ ನೋಡ್ಕೋ!"

ಅವನು ತಲೆ ತಗ್ಗಿಸಿ ಒಂದು ಗಂಟೆ ಕಡಲೆಕಾಯಿ ಬಿಡಿಸಿದ. ನಾನು ಎದುರಿಗೇ ಕೂತು ಕಣ್ಣು ತುಂಬ ನೋಡಿದೆ. ಜೀವನದಲ್ಲಿ ಅಷ್ಟು ಸುಖವಾದ ಗಂಟೆಗಳು ಹೆಚ್ಚಿಲ್ಲ. ಬಸ್ಸು ಬಂದಾಗ ಕಂಡಕ್ಟರು ಸಮಾಚಾರ ಕೇಳಿ ಅವನ ಕತ್ತಿನ ಪಟ್ಟಿ ಹಿಡಿದು ಹತ್ತಿಸಿದರು. ಪೇಟೆ ಠಾಣೆಯವರೆಗೆ ಇಬ್ಬರು ಹೆಂಗಸರೂ ಕುಡುಗೋಲಿನ ಸಮೇತ ಹೋದರು.

ಧೂಳು ಇಳಿದ ಮೇಲೆ ಅಜ್ಜಿ ಸಿಪ್ಪೆ ಕೊಡವಿಕೊಂಡು ಎದ್ದಳು. "ಇನ್ಮೇಲೆ ದಿನಾ ಈ ಬಸ್ಸಿನ ಹೊತ್ತಿಗೆ ಇಬ್ಬರಾದ್ರೂ ಇಲ್ಲಿ ಕೂತಿರಣ ಕಣ್ರೇ. ಮನೇಲಿ ಮಾಡೋ ಕೆಲಸ ಇಲ್ಲೇ ಮಾಡಿದ್ರಾಯ್ತು," ಎಂದಳು. ಹೆಂಗಸರು ಹೂಂ ಎಂದರು. ಹಾಗೇ ನಡೆದುಕೊಂಡರು ಕೂಡ. ನಾನು ಹೈಸ್ಕೂಲು ಮುಗಿಸುವವರೆಗೆ ಒಂದು ಶನಿವಾರವೂ ಆ ಮರದ ಕೆಳಗೆ ಒಬ್ಬಳೇ ಇಳಿಯಲಿಲ್ಲ.

ಆದರೆ ಅವತ್ತು ನನಗೆ ಅದೊಂದೂ ಗೊತ್ತಿರಲಿಲ್ಲ. ಗೂಟಕ್ಕೆ ನೇತುಬಿದ್ದ ಚೀಲವೊಂದೇ ತಲೆಯಲ್ಲಿತ್ತು. ಕೇಳಲು ಧೈರ್ಯವಿಲ್ಲದೆ ಅಜ್ಜಿಯ ಹಿಂದೆ ನಡೆಯುತ್ತಿದ್ದೆ. ಅರ್ಧ ದಾರಿಯಲ್ಲಿ ಅವಳು ತಿರುಗಿ ನಿಂತಳು.

"ಏನೇ, ಬೆಳಿಗ್ಗೆ ನಿನ್ನ ಬಸ್ಸು ಎಷ್ಟೊತ್ತಿಗೇ?"

"ಏಳೂವರೆಗೆ ಅಜ್ಜಿ."

"ಮತ್ತೆ ನನ್ನ ಹಿಂದೆ ಯಾಕೆ ತೆವಳ್ತಿದೀಯಾ? ಓಡು, ಲಂಗ ಒಗ್ದು ಒಣಗಾಕು. ನಾಲ್ಕು ದಿನದ ಪಾಠ ಬೇರೆ ಬರ್ಕೋಬೇಕು."

ಉಳಿದ ಒಂದು ಮೈಲಿಯನ್ನು ಒಂದೇ ಉಸಿರಿಗೆ ಓಡಿದೆ.