ಒಂದು ಫೋನಿಗೆ ಒಬ್ಬರೇ

ತಲೆಯಲ್ಲಿ ಬಿಳಿಗೂದಲು ಇಣುಕಿದ ಮೇಲೂ ಅವಳು ಅಕ್ಕನಿಗೆ ಪುಟ್ಟಿಯೇ. ತಾಯಿಯಿಲ್ಲದ ಮಗುವನ್ನು ಸೊಂಟಕ್ಕೇರಿಸಿಕೊಂಡು ಬೆಳೆಸಿದವಳು, ಊರವರ ಬಟ್ಟೆ ಹೊಲಿದು ಓದಿಸಿದವಳು ಆ ಅಕ್ಕ. ಅಕ್ಕನ ಕಣ್ಣಿನ ಒತ್ತಡ ಏರಿದಾಗ ವೈದ್ಯೆ ಬೆಳಿಗ್ಗೆ ಸಂಜೆ ಹನಿ ಹಾಕಿಕೊಳ್ಳಲು ಹೇಳಿದ್ದರು. ಬಿಟ್ಟರೆ ನೋವಿಲ್ಲದೆ, ಸದ್ದಿಲ್ಲದೆ ದೃಷ್ಟಿ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ ಎಂದೂ ಎಚ್ಚರಿಸಿದ್ದರು.

ಪುಟ್ಟಿ ಆಗಷ್ಟೇ ಟೈರ್ ಅಂಗಡಿಯ ಮೇಲಿನ ಒಂದು ಕೋಣೆಯ ಕಂಪನಿ ಸೇರಿದ್ದಳು. ಔಷಧದ ಹೊತ್ತಿಗೆ ಫೋನ್ ಮಾಡಿ ನೆನಪಿಸುವ ಆ್ಯಪ್ ಅವರದು. ಅದರ ಮೊದಲ ಕೋಡ್ ಬರೆದವಳು ಅವಳೇ. ಅವಸರದಲ್ಲಿ, ಫೋನ್ ನಂಬರನ್ನೇ ರೋಗಿಯ ಗುರುತಾಗಿ ಇಟ್ಟುಬಿಟ್ಟಳು. ಅದೇ ನಂಬರಿನಲ್ಲಿ ಎರಡನೆಯವರು ಸೇರಿದರೆ ಮೊದಲನೆಯವರು ಅಳಿಸಿಹೋಗುತ್ತಾರೆಂದು ಅವಳಿಗೆ ಗೊತ್ತಿತ್ತು. ಹೀಗೆ ಆಮೇಲೆ ಸರಿಮಾಡೋಣವೆಂದು ಬಿಟ್ಟದ್ದಕ್ಕೆ ಆ ಕಸುಬಿನವರು ತಾಂತ್ರಿಕ ಸಾಲ ಅನ್ನುತ್ತಾರೆ. ಎಷ್ಟು ಚೆಂದದ ಹೆಸರು ನೋಡಿ! ಮಾಡಿದವರೊಬ್ಬರು, ತೆರುವವರು ಇನ್ಯಾರೋ.

ಆ್ಯಪಿಗೆ ಮೊದಲು ಸೇರಿದವಳು ಅಕ್ಕ. ಅಲ್ಲಿಯವರೆಗೆ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಹನಿಯ ಸೀಸೆ ಇಟ್ಟುಕೊಂಡಿದ್ದಳು, ಒಂದು ಹೊತ್ತೂ ತಪ್ಪಿಸುತ್ತಿರಲಿಲ್ಲ. ಇನ್ನು ಅದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳಬೇಡ, ಫೋನೇ ಕೂಗುತ್ತೆ ಎಂದು ಪುಟ್ಟಿ ಹೇಳಿದಳು. ಸೀಸೆ ಡ್ರಾಯರಿಗೆ ಹೋಯಿತು.

ಕಂಪನಿ ಬೆಳೆಯಿತು, ಮೂರು ಮಹಡಿಯಾಯಿತು. ಆ ತಪ್ಪು ತಿದ್ದಲು ಒಂದಷ್ಟು ಬಿಡುವು ಕೊಡಿ ಎಂದು ಪುಟ್ಟಿ ಯಜಮಾನನ ಬೆನ್ನು ಹತ್ತಿದಳು. ಅವನು ಪ್ರತಿಸಲವೂ ಮೂಗಿಗೆ ತುಪ್ಪ ಸವರಿ ಕಳಿಸಿದ. ಕೊನೆಗೆ ಅವಳಿಗೂ ಸಾಕಾಯಿತು. ತಂಡದ ಮುಖ್ಯಸ್ಥೆಯಾದ ಮೇಲೆ, ಹೊಸದಾಗಿ ಸೇರಿದವಳೊಬ್ಬಳು ಅದೇ ದೋಷ ಹಿಡಿದು ತಂದಾಗ, ಗೊತ್ತು, ಆಮೇಲೆ ನೋಡೋಣ ಎಂದವಳು ಪುಟ್ಟಿಯೇ. ಅಕ್ಕನ ಮನೆಗೆ ಹೋಗುವುದೂ ಅಪರೂಪವಾಗಿತ್ತು.

ಅಷ್ಟರಲ್ಲಿ ಭಾವನಿಗೆ ರಕ್ತದೊತ್ತಡ ಶುರುವಾಗಿ, ಅವನೂ ಆ್ಯಪಿಗೆ ಸೇರಿದ. ಮನೆಯಲ್ಲಿ ಇದ್ದದ್ದು ಒಂದೇ ಫೋನ್. ಅವತ್ತಿನಿಂದ ಅದು ಅವನ ಮಾತ್ರೆಗೆ ಕೂಗಿತು, ಅಕ್ಕನ ಹನಿಗೆ ಕೂಗಲಿಲ್ಲ.

ವರ್ಷದ ಮೇಲೆ ಒಂದು ದಿನ ಅಕ್ಕ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡು ಬಿದ್ದಳು. ಪರೀಕ್ಷೆ ಮಾಡಿದ ವೈದ್ಯೆ, ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ನಡುವಿನ ನೋಟವಷ್ಟೇ ಉಳಿದಿದೆ ಎಂದರು. ಹನಿ ಯಾಕೆ ಬಿಟ್ಟೆ ಎಂದು ಪುಟ್ಟಿ ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕನನ್ನು ಬೈದಳು.

"ಫೋನು ನನ್ನ ಹನಿಗೆ ಕೂಗೋದು ನಿಲ್ಲಿಸ್ತಲ್ಲ," ಎಂದಳು ಅಕ್ಕ. "ಇನ್ನು ಸಾಕು ಅಂತ ನೀನೇ ನಿಲ್ಲಿಸಿದ್ದೀಯ ಅಂದ್ಕೊಂಡೆ. ನೀನು ಮಾಡಿದ್ದಲ್ವಾ, ತಪ್ಪುತ್ತಾ?"

ಮರುದಿನ ಪುಟ್ಟಿ ಯಾರನ್ನೂ ಕೇಳದೆ ಕೂತು ಆ ಕೋಡ್ ತಿದ್ದಿ, ಅಳಿಸಿಹೋಗಿದ್ದ ಅಕ್ಕನ ಹೆಸರನ್ನು ಮತ್ತೆ ಸೇರಿಸಿದಳು. ಇಷ್ಟು ವರ್ಷ ಪುರುಸೊತ್ತಿಲ್ಲದ ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು. ಅಯ್ಯೋ, ಅದೇ ಅವಳನ್ನು ಸುಟ್ಟದ್ದು.

ಸಂಜೆ ಅಕ್ಕನ ಮನೆಯಲ್ಲಿ ಫೋನ್ ಕೂಗಿತು. ನನ್ನದು ಬಂತು ನೋಡು ಎಂದು ಅಕ್ಕ ಹಿಗ್ಗಿ, ಡ್ರಾಯರ್ ತಡವಿ ಹೊಸ ಸೀಸೆ ಕೊಟ್ಟು ಮುಖವೆತ್ತಿದಳು. ಪುಟ್ಟಿಗೆ ತಡೆಯಲಾಗಲಿಲ್ಲ.

"ಅಕ್ಕ, ಅದು ನಾನು ಮಾಡಿದ ತಪ್ಪು. ನಂಗೆ ಮೊದಲಿಂದ್ಲೂ ಗೊತ್ತಿತ್ತು."

ಅಕ್ಕ ಎತ್ತಿದ ಮುಖ ಇಳಿಸಲಿಲ್ಲ. ಪುಟ್ಟಿ ಸೀಸೆ ಬಗ್ಗಿಸಿದಳು, ಹನಿ ಗುರಿ ತಪ್ಪಿ ಅಕ್ಕನ ಕೆನ್ನೆಗೆ ಬಿತ್ತು.

"ಇರ್ಲಿ ಬಿಡೆ," ಎಂದಳು ಅಕ್ಕ, ಕೆನ್ನೆ ಒರೆಸಿಕೊಳ್ಳುತ್ತ. "ಅಳು ನಿಲ್ಲಲಿ, ಆಮೇಲೆ ಹಾಕುವಿಯಂತೆ."

"ಬೇಡ ಅಕ್ಕ, ಈಗ್ಲೇ," ಎಂದು ಪುಟ್ಟಿ ಮತ್ತೆ ಸೀಸೆ ಎತ್ತಿದಳು. ಕಣ್ಣೀರಿನಲ್ಲಿ ಅವಳಿಗೂ ಏನೂ ಕಾಣುತ್ತಿರಲಿಲ್ಲ.