ಮೂರು ಊರಿನ ನಿದ್ದೆ, ಒಂದೇ ಗ್ಲಾಸು

ರುಕ್ಮಿಣಿಬಾಯಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬೀದರಿನ ಕಾಳುಪೇಟೆ ಗಾಂಧಿ ಗಂಜಿನ ಹಿಂದಿನ ಓಣಿಯಲ್ಲಿ ಇಪ್ಪತ್ತು ವರ್ಷದಿಂದ ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುವ ಹೆಂಗಸು ಆಕೆ. ಹಿಟ್ಟಿನಲ್ಲಿ ಹಳೆಯ ಜೋಳ ಬೆರೆತಿದ್ದರೆ ಮಾಲೀಕ ಕೇಳುವ ಮೊದಲೇ "ಇವತ್ತಿನ ರೊಟ್ಟಿ ಬಿರುಸ ಆಗ್ಯಾವ್ರಿ" ಎಂದು ಹೇಳಿಯೇ ಬುಟ್ಟಿ ಇಳಿಸುವವಳು. ಓಣಿಯವರು ಈ ಗುಣವನ್ನು ಹೊಗಳುತ್ತಿದ್ದರು. ಅವಳ ಮನೆ ಕೆಟ್ಟದ್ದು ಅದೇ ಗುಣದಿಂದ.

ಗಂಡ ಮಡೆಪ್ಪ ಗಂಜಿನಲ್ಲಿ ಹಮಾಲನಾಗಿದ್ದ. ಮೂವತ್ತೊಂದು ವರ್ಷ ತೊಗರಿ, ಕಡಲೆ, ಉದ್ದಿನ ಚೀಲಗಳನ್ನು ಲಾರಿಗೆ ಏರಿಸಿದ ಬೆನ್ನು ಅದು. ಆಗ ಅವನಿಗೆ ನಿದ್ದೆಯೆಂಬುದು ಒಂದು ವಿಷಯವೇ ಆಗಿರಲಿಲ್ಲ. ಉಂಡು ತೊಳೆದ ಕೈ ಆರುವ ಮೊದಲೇ ಗೊರಕೆ. ಸಕ್ಕರೆ ಕಾಯಿಲೆ ಕಾಲಿಗೆ ಇಳಿದು, ಎರಡು ಬೆರಳು ತೆಗೆಸಿ, ಚೀಲ ಹೊರುವುದು ನಿಂತ ಮೇಲೆ ನಿದ್ದೆಯೂ ನಿಂತಿತು. ಅಂಗಾಲು ಕೆಂಡ ತುಳಿದಂತೆ ಉರಿಯುತ್ತಿತ್ತು. ಏಳು ತಿಂಗಳು ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದ. ಕೊನೆಗೊಂದು ದಿನ ಊರಾಚೆ ನೌಬಾದಿನ ಹತ್ತಿರ ರೈಲು ಹಳಿಯ ಪಕ್ಕ ಸುಮ್ಮನೆ ಕೂತಿದ್ದವನನ್ನು ಪಕ್ಕದ ಮನೆಯ ಏಜಾಜ ಬೈಕಿನ ಮೇಲೆ ಕೂರಿಸಿಕೊಂಡು ಬಂದ.

"ಅಲ್ಲಿಗಿ ಯಾಕ ಹೋಗಿದ್ರಿ?" ಎಂದಳು ರುಕ್ಮಿಣಿಬಾಯಿ.

"ಮಲಗ್ಲಾಕ," ಎಂದ ಮಡೆಪ್ಪ.

ಅಂದಿನಿಂದ ಅವಳಿಗೆ ಲೋಕದಲ್ಲಿ ಒಂದೇ ಚಿಂತೆ ಉಳಿಯಿತು. ಈ ಮನುಷ್ಯ ಮನೆಯೊಳಗೆ, ತನ್ನ ಹಾಸಿಗೆಯ ಮೇಲೆ ಮಲಗಬೇಕು. ಇಲ್ಲದಿದ್ದರೆ ಅವನು ಉಳಿಯುವುದಿಲ್ಲ.

ಕಾಲು ನೋಡುವ ಡಾಕ್ಟರ ಬಳಿ ನಿದ್ದೆಯ ಮಾತು ಎತ್ತಿದಳು. ಹೊರಗೆ ನಲವತ್ತು ಜನ ಕಾದಿದ್ದರು. "ಟೆನ್ಶನ್ ಮಾಡ್ಕೋಬ್ಯಾಡ್ರಿ" ಎಂಬಲ್ಲಿಗೆ ಮಾತು ಮುಗಿಯಿತು. ಅವರು ಮಾಡಿಸಿದ ರಕ್ತಪರೀಕ್ಷೆಯ ಚೀಟಿಯಲ್ಲಿ ಒಂದು ಅಂಕಿಯ ಸುತ್ತ ಕೆಂಪು ಗೆರೆ ಎಳೆದಿತ್ತು. ಕಿಡ್ನಿ ಸೋಲುತ್ತಿದೆ ಎಂಬ ಅಂಕಿ. ಗೆರೆ ಎಳೆದವರಿಗೆ ಅದರ ಅರ್ಥ ಗೊತ್ತಿತ್ತು. ಯಾರ ಮೈಯ ಅಂಕಿಯೋ ಅವನಿಗೂ ಒಂದು ಮಾತು ಹೇಳಬೇಕೆಂದು ಯಾರಿಗೂ ತೋಚಲಿಲ್ಲ. ಚೀಟಿ ಮಡಚಿಕೊಂಡು ರೇಷನ್ ಕಾರ್ಡಿನ ಜೊತೆ ಟ್ರಂಕು ಸೇರಿತು.

ನಮ್ಮ ಕಡೆ ಒಬ್ಬರು ಹಾಸಿಗೆ ಹಿಡಿದರೆ ಬೀಗರು ಬಿಜ್ಜರು ಮಾತಾಡಿಸಿಕೊಂಡು ಹೋಗಲು ಬರಬೇಕು. ಬರಿಗೈಯಲ್ಲಿ ಬರಬಾರದು. ಮೊದಲು ಬಾಳೆಹಣ್ಣು, ಬ್ರೆಡ್ಡು ಬರುತ್ತಿದ್ದವು. ಈಗ ಡಬ್ಬಿಗಳು ಬರುತ್ತವೆ. ತಂದದ್ದನ್ನು ಮುಟ್ಟದೆ ಇಡುವುದೆಂದರೆ ಬಡಿಸಿದ ತಾಟನ್ನು ಹಿಂದೆ ಸರಿಸಿದ ಹಾಗೆ. ತಂದವರು ವಾರದೊಳಗೆ ಫೋನು ಮಾಡಿ ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ.

ಮೊದಲು ಔರಾದಿನಿಂದ ರುಕ್ಮಿಣಿಬಾಯಿಯ ತಮ್ಮ ಪಂಢರಿ ಬಂದ. ಅಲ್ಲಿ ಯಾವುದೋ ತಾಕತ್ತಿನ ಕ್ಲಬ್ಬು ಸೇರಿ ಬೆಳಿಗ್ಗೆ ಬೆಳಿಗ್ಗೆ ಪುಡಿ ಕುಡಿಯುವುದನ್ನೂ ಕುಡಿಸುವುದನ್ನೂ ಕಲಿತಿದ್ದವನು ನಿದ್ದೆ ಬರಿಸುವ ಪುಡಿಯ ಒಂದು ಡಬ್ಬಿ ಮುಂದಿಟ್ಟ.

"ಅಕ್ಕಾ, ಇದು ಔಷಧ ಅಲ್ಲ. ಪೋಷಕಾಂಶ. ಮಾಮಾಗ ದಿನಾ ಎರಡ ಚಮಚ ಹಾಲಾಗ ಹಾಕಿ ಕೊಡು. ಸತ್ತವರಂಗ ಮಲಗ್ತಾರ."

"ಬಾಯಾಗ ಚೊಲೊ ಮಾತ ಬರಲ್ಲೇನೋ ನಿನಗ?"

"ಮಾತಿಗಿ ಅಂದೆ ಅಕ್ಕಾ. ನಾ ಭಿ ಕುಡಿತೇನಿ, ನೋಡು ನನ್ನ."

ಪಂಢರಿ ಹುಟ್ಟಿದಾಗಿನಿಂದಲೂ ಎಲ್ಲಿ ಕೂತರೂ ಮಲಗುವವನು ಎಂಬುದು ಅವಳಿಗೆ ಆ ಹೊತ್ತಿಗೆ ನೆನಪಾಗಲಿಲ್ಲ.

ಭಾನುವಾರ ಭಾಲ್ಕಿಯಿಂದ ಮಗಳು ಬಸವೇಶ್ವರಿ, ಅಳಿಯ ಅಮರನಾಥ ಬಂದರು. ಅಳಿಯ ತಂದದ್ದು ಆನ್‌ಲೈನಿನಲ್ಲಿ ತರಿಸಿದ ಗುಳಿಗೆಯ ಬಾಟಲಿ. "ಅತ್ತಿ, ಮಾವಾರಿಗಿ ಎರಡ ಗುಳಿಗಿ. ಫಾರಿನ್ ಫಾರ್ಮುಲಾ ಅದ" ಎಂದ. ಅಳಿಯನ ಕೈಯಿಂದ ಬಂದದ್ದನ್ನು ಬೇಡ ಎನ್ನುವ ಅತ್ತೆ ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಮೂರನೆಯದು ಗೋಡೆಯಾಚೆಯಿಂದ ಬಂತು. ಶಾಕಿರಾ ಬೇಗಂ, ಏಜಾಜನ ತಾಯಿ, ಮಗ ಕೆಲಸ ಮಾಡುವ ಮೆಡಿಕಲ್ ಅಂಗಡಿಯಿಂದ ಪುಡಿಯ ಸಣ್ಣ ಪಾಕೀಟುಗಳ ಒಂದು ಮಾಲೆ ತರಿಸಿಕೊಟ್ಟಳು. "ಅರೆ ರುಕ್ಮಾಬಾಯಿ, ನಮ್ಮ ಏಜಾಜ ಹೇಳ್ತಾನ, ಇದು ಭಾಳ ಹೋಗ್ತದಂತ. ನೀಂದ್ ಬರ್ಲಿಲ್ಲಾಂದ್ರ ನನ್ನ ಹೆಸರ ಬದಲ ಮಾಡು."

ಮೂರರ ಮೇಲೂ ಚಂದ್ರನ ಚಿತ್ರ. ಒಂದರ ಮೇಲೆ ನಗುತ್ತ ಮಲಗಿದ ಹೆಂಗಸು. ಒಂದಕ್ಷರ ಕನ್ನಡವಿಲ್ಲ. ಕಿಡ್ನಿ ಸರಿಯಿಲ್ಲದವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು ಎಂಬ ಸಾಲು ತಳದಲ್ಲಿ, ಸಾಸಿವೆಗಿಂತ ಸಣ್ಣ ಇಂಗ್ಲಿಷಿನಲ್ಲಿತ್ತು. ಗಂಜಿನ ಹಮಾಲನಿಗೆ ಮಾರುವಾಗ ಈ ಡಬ್ಬಿ ಮಾಡುವವರಿಗೆ ಅವನ ಭಾಷೆ, ಅವನ ಭಾವಮೈದುನ, ಅವನ ಅಳಿಯ, ಅವನ ನೆರೆಮನೆ ಎಲ್ಲ ಸಿಗುತ್ತವೆ. ಎಚ್ಚರಿಸುವಾಗ ಮಾತ್ರ ಇಂಗ್ಲಿಷೇ ಬೇಕು.

ಒಂದೊಂದು ವಾರ ಒಂದೊಂದು ಕೊಡಬಹುದಿತ್ತು. ಆದರೆ ಫೋನು ಬಂದರೆ ಏನು ಹೇಳುವುದು? ಔರಾದಿನದು ಕೊಡುತ್ತಿದ್ದೇನೆ, ಭಾಲ್ಕಿಯದು ಇನ್ನೂ ಒಡೆದಿಲ್ಲ ಎನ್ನುವುದೇ? ಒಡೆಯದೆ ಒಡೆದಿದ್ದೇನೆ ಎನ್ನಲು ಅವಳ ನಾಲಿಗೆ ಹೊರಳುತ್ತಿರಲಿಲ್ಲ. ಹಾಗಾಗಿ ಒಂದು ಸ್ಟೀಲ್ ಗ್ಲಾಸು ಹಾಲಿಗೆ ತಮ್ಮನ ಎರಡು ಚಮಚ ಪುಡಿ, ಅಳಿಯನ ಎರಡು ಗುಳಿಗೆ ಕುಟ್ಟಿ, ಶಾಕಿರಾಳ ಒಂದು ಪಾಕೀಟು ಹರಿದು ಹಾಕಿ, ಸೌಟಿನ ಹಿಡಿಯಿಂದ ತಿರುವಿದಳು. ಯಾರಿಗೂ ಅವಮಾನವಿಲ್ಲ. ಯಾರು ಕೇಳಿದರೂ ಹೌದು ಎನ್ನಬಹುದು.

ಮೂರನೆಯ ದಿನ ಮಡೆಪ್ಪ ಮಲಗಿದ. ಬೆಳಿಗ್ಗೆ ಅವಳು ಅರ್ಧ ಬುಟ್ಟಿ ರೊಟ್ಟಿ ಬಡಿದು ಮುಗಿಸಿದರೂ ಎದ್ದಿರಲಿಲ್ಲ. ರುಕ್ಮಿಣಿಬಾಯಿ ಒಲೆ ಬಿಟ್ಟು ಬಂದು ಅವನ ಬಾಯಿ ಅರೆತೆರೆದ ಮುಖವನ್ನು ನೋಡುತ್ತ ನಿಂತಳು. ತವೆಯ ಮೇಲಿನ ರೊಟ್ಟಿ ಸೀಯಿತು. ಸೀಯಲಿ ಎಂದುಕೊಂಡಳು.

ಫೋನುಗಳು ಬಂದವು. "ನಾ ಹೇಳಿದ್ದಿಲ್ಲೇನು ಅಕ್ಕಾ?" ಎಂದ ಪಂಢರಿ. "ಫಾರಿನ್ ಮಾಲ್ ಅಂದ್ರ ಹಂಗೇ ಅತ್ತಿ" ಎಂದ ಅಮರನಾಥ. ಶಾಕಿರಾ ಬೇಗಂ ಹೆಸರು ಉಳಿಯಿತೆಂದು ಶೀರ್‌ಖುರ್ಮಾ ಮಾಡಿ ತಂದಳು. ಸಕ್ಕರೆಯವನ ಮನೆಗೆ ಇದೆಂಥದೆಂದು ಇಬ್ಬರೂ ನಕ್ಕು ತಾವೇ ತಿಂದರು. ಏಳು ತಿಂಗಳಲ್ಲಿ ಆ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು.

ಎಂಟನೆಯ ದಿನಕ್ಕೆ ಮಡೆಪ್ಪ ಹಗಲೂ ಮಲಗತೊಡಗಿದ. ಎಬ್ಬಿಸಿದರೆ ಮಾತು ತೊದಲುತ್ತಿತ್ತು. ಕ್ವಿಂಟಲ್ ಚೀಲ ಹಿಡಿದ ಕೈಗೆ ಚಹಾದ ಬಸಿ ಹಿಡಿಯಲಾಗಲಿಲ್ಲ.

"ಮೂವತ್ತ ವರ್ಷದ್ ದಣಿವು ಬಾಯಿ. ವಸೂಲ್ ಮಾಡ್ಲತ್ತಾನ, ಮಾಡ್ಲಿ ಬಿಡು," ಎಂದಳು ಶಾಕಿರಾ.

ರುಕ್ಮಿಣಿಬಾಯಿಗೂ ಹಾಗೇ ಅನ್ನಿಸಿತು. ನಿದ್ದೆ ಬಂದಿದೆ, ಇನ್ನು ತಾಕತ್ತು ಬರಬೇಕು ಎಂದು ಪಂಢರಿಯ ಡಬ್ಬಿಯಿಂದ ಮೂರನೆಯ ಚಮಚ ಸೇರಿಸಿದಳು.

ಹನ್ನೆರಡನೆಯ ದಿನ ಬೆಳಿಗ್ಗೆ ಅವನ ಕಣ್ಣು ತೆರೆಯಲಿಲ್ಲ. ಕೈ ಎತ್ತಿದರೆ ಕೈ ಬಿತ್ತು. ಏಜಾಜ ಆಟೋ ತಂದ.

ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರ್ ಆಯೆಶಾ ಎಂಬ ಹುಡುಗಿ ಡ್ಯೂಟಿಯಲ್ಲಿದ್ದಳು. ನಾಡಿ ಹಿಡಿದವಳು ಕೈ ಬಿಡಲೇ ಇಲ್ಲ. ಅಷ್ಟು ನಿಧಾನವಿತ್ತು ಅದು.

"ಅಮ್ಮಾ, ಇವರಿಗಿ ಏನೇನ್ ಔಷಧ ಕೊಡ್ಲತ್ತೀರಿ?"

"ಸಕ್ಕರಿ ಗುಳಿಗಿ ಒಂದೇ ರಿ."

"ಬ್ಯಾರೆ ಏನೂ ಇಲ್ಲೇನ್ರಿ?"

"ಇಲ್ರಿ. ಆಣಿ ಮಾಡ್ತೇನಿ."

ಅವಳು ಸುಳ್ಳು ಹೇಳಲಿಲ್ಲ. ಔಷಧ ಅಲ್ಲ ಎಂದೇ ಅವಳಿಗೆ ಹೇಳಿ ಕೊಟ್ಟಿದ್ದರು. ಡಾಕ್ಟರು ಮಿದುಳು, ಹೃದಯ, ಸಕ್ಕರೆ ಎಂದು ಹುಡುಕುತ್ತ ಮಧ್ಯಾಹ್ನವಾಯಿತು. ಬುತ್ತಿ ಹಿಡಿದು ಬಂದ ಶಾಕಿರಾ ಬೇಗಂ ಮಂಚದ ಪಕ್ಕ ನಿಂತು, "ಹಾಲಿನ ಗ್ಲಾಸ್ ಇವತ್ತ ಹ್ಯಾಂಗ ಕುಡಿಸ್ತಿ?" ಎಂದು ಕೇಳಿದಾಗಲೇ ಡಾಕ್ಟರ್ ತಿರುಗಿ ನೋಡಿದ್ದು.

ಏಜಾಜ ಮನೆಗೆ ಹೋಗಿ, ಹಾಲಿಗೆ ಹಾಕುತ್ತಿದ್ದ ಮೂರನ್ನೂ ತಂದ. ಆಯೆಶಾ ಮೊಬೈಲಿನ ಬೆಳಕು ಹಿಡಿದು ಒಂದೊಂದರ ತಳ ಓದಿದಳು. ಮೂರರಲ್ಲೂ ಒಂದೇ ಹೆಸರಿನ ಕೆಳಗೆ ಉಗುರಿನಿಂದ ಗೆರೆ ಎಳೆದಳು. ಮೆಗ್ನೀಶಿಯಂ.

"ಇದು ವಿಷ ಅಲ್ಲಮ್ಮಾ. ಕಿಡ್ನಿ ಚೊಲೊ ಇದ್ದವರಿಗಿ ಹೆಚ್ಚಾದದ್ದು ಮೂತ್ರದಾಗ ಹೋಗಿಬಿಡ್ತದ. ಇವರದು ಹೋಗಂಗಿಲ್ಲ. ಒಳಗ ಕೂಡಿ ಕೂಡಿ ಕೈಕಾಲು, ಎದಿ ಎಲ್ಲಾ ನಿಲ್ಲಿಸ್ತದ. ಮ್ಯಾಲ ಇವೆರಡರಾಗ ಮಂಪರ ಬರಿಸೋ ಗಿಡದ ಬೇರಿನ ಪುಡಿ ಭಿ ಅದ."

"ನಿದ್ದಿ ಬಂದಿತ್ತಲ್ರಿ, ಡಾಕ್ಟರಬಾಯಿ?" ಎಂದಳು ರುಕ್ಮಿಣಿಬಾಯಿ.

ಆಯೆಶಾ ಡಬ್ಬಿ ಕೆಳಗಿಟ್ಟಳು. "ಅದು ನಿದ್ದಿ ಅಲ್ಲಮ್ಮಾ," ಎಂದಳು.

ಯಂತ್ರ ಹಚ್ಚಿ ರಕ್ತ ತೊಳೆದರು. ಮಡೆಪ್ಪ ಉಳಿದ. ಕಿಡ್ನಿ ಉಳಿಯಲಿಲ್ಲ. ಮೊದಲೇ ಎಷ್ಟು ಹೋಗಿತ್ತು, ಆ ಗ್ಲಾಸಿನಿಂದ ಎಷ್ಟು ಹೋಯಿತು ಎಂದು ರುಕ್ಮಿಣಿಬಾಯಿ ಕೇಳಿದಳು. "ಹೇಳ್ಲಾಕ ಬರಲ್ಲಮ್ಮಾ" ಎಂದಳು ಆಯೆಶಾ. ಅದೊಂದು ಲೆಕ್ಕ ಸಿಕ್ಕಿದ್ದರೆ ಅವಳು ಅಷ್ಟನ್ನೇ ಹೊತ್ತು ಬದುಕುತ್ತಿದ್ದಳೇನೋ. ಸಿಗದ ಕಾರಣ ಎಲ್ಲವನ್ನೂ ಹೊತ್ತಳು. ಬೇರೆ ಯಾರೂ ಹೊರಲಿಲ್ಲ. "ನಂದರಿಂದ ಆಗಿಲ್ಲ ಅಕ್ಕಾ, ನಮ್ಮ ಕ್ಲಬ್‌ನಾಗ ನೂರು ಮಂದಿ ಕುಡಿತಾರ" ಎಂದ ಪಂಢರಿ. ಅಮರನಾಥ ಫೋನನ್ನು ಹೆಂಡತಿಯ ಕೈಗೆ ಕೊಟ್ಟ. ಶಾಕಿರಾ ಬೇಗಂ ಮಾತ್ರ ಬಂದು ಕಾಲ ಬಳಿ ಕೂತು ಅತ್ತಳು. ಅವಳ ಮಗನ ಅಂಗಡಿಯಲ್ಲಿ ಆ ಪಾಕೀಟುಗಳು ಇಂದಿಗೂ ಮಾಲೆಯಂತೆ ತೂಗುತ್ತಿವೆ.

ಈಗ ವಾರಕ್ಕೆ ಎರಡು ಸಲ ಮಡೆಪ್ಪ ಯಂತ್ರದ ಪಕ್ಕ ಮಲಗುತ್ತಾನೆ. ನಿದ್ದೆಯಿಲ್ಲ. ಅಂಗಾಲಿನ ಉರಿ ಮತ್ತೆ ಬಂದಿದೆ, ಅದರ ಮೇಲೆ ಮೈಯೆಲ್ಲ ತುರಿಕೆ. ಮನೆಗೆ ಬಂದ ಎರಡನೆಯ ವಾರ ಅವನು ಹೆಂಡತಿಯನ್ನು ಹತ್ತಿರ ಕರೆದ.

"ರುಕ್ಮಾ, ಆ ಗ್ಲಾಸ್ ಮಾಡಿ ಕೊಡು."

"ಹುಚ್ಚರಂಗ ಮಾತಾಡಬ್ಯಾಡ್ರಿ. ಅದರಿಂದೇ ಇಷ್ಟೆಲ್ಲಾ ಆಗ್ಯಾದ."

"ಗೊತ್ತದ. ಡಾಕ್ಟರ್ ನನಗ ಭಿ ಹೇಳ್ಯಾರ." ಅವನು ದನಿ ಏರಿಸಲಿಲ್ಲ. "ಒಂಬತ್ತ ದಿನ ಕಾಲ ಎಲ್ಲಿ ಅವ ಅಂತ ನನಗ ನೆನಪೇ ಇದ್ದಿಲ್ಲ. ಕೊಡು."

"ಜೀವಾ ಹೋಗ್ತದ್ರಿ."

"ನಾ ಬ್ಯಾರೆ ಏನ್ ಕೇಳ್ಲತ್ತೇನಿ?"

ಅವಳು ತಲೆ ಅಲ್ಲಾಡಿಸಿದಳು. ಡಬ್ಬಿಗಳು ಆಸ್ಪತ್ರೆಯಲ್ಲೇ ಉಳಿದವು, ಮನೆಯಲ್ಲಿ ಏನೂ ಇಲ್ಲ ಎಂದಳು.

"ಮಲಗಿದ್ನಲ್ಲ ನಾ," ಎಂದ. "ಯಾಕ ಎಬ್ಬಿಸಿದಿ?"

ಆಮೇಲೆ ಗೋಡೆಯ ಕಡೆ ಹೊರಳಿದ. ಬೆನ್ನು ಅವಳ ಕಡೆಗಿತ್ತು. ಉಸಿರಾಟದಿಂದಲೇ ಗೊತ್ತಾಗುತ್ತಿತ್ತು, ಅವನ ಕಣ್ಣು ತೆರೆದೇ ಇದೆ ಎಂದು. ರುಕ್ಮಿಣಿಬಾಯಿ ಆ ಬೆನ್ನನ್ನು ಒಮ್ಮೆ ಮುಟ್ಟಿದಳು. ಅವನು ಸರಿದುಕೊಂಡ. ಖಾನಾವಳಿಯ ಹೊತ್ತಾಗಿತ್ತು. ಅವಳು ಎದ್ದು ಹಿಟ್ಟಿಗೆ ಬಿಸಿನೀರು ಹಾಕಿದಳು.